ಮೇಲಿನದು, ಕೆಳಗಿನದು

ಅಕ್ಟೋಬರ್ 9

ಮೂರು ಸಲ ಅಳೆದರು. ಮೊದಲ ಸಲ ಅಳೆದ ನರ್ಸು ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿದಳು. ಎರಡನೇ ಸಲ ಅಳೆದು ಡಾಕ್ಟರ್ ಸನ್ಯಾಳನ್ನು ಕರೆದಳು. ಮೂರನೇ ಸಲ ಡಾಕ್ಟರೇ ಅಳೆದಳು. ಮೇಲಿನದು ನೂರ ಎಪ್ಪತ್ತೆರಡು, ಕೆಳಗಿನದು ನೂರ ನಾಲ್ಕು.

"ತಲೆನೋವು ಬರುತ್ತಾ? ಕಣ್ಣು ಮಂಜಾಗುತ್ತಾ?"

"ಏನೂ ಇಲ್ಲ ಡಾಕ್ಟ್ರೇ. ಗುಂಡುಕಲ್ಲಿನ ಹಾಗಿದೀನಿ."

"ಬಿಪಿ ಇರೋರು ಎಲ್ಲರೂ ಹಾಗೇ ಹೇಳೋದು. ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

"ನಮ್ಮಣ್ಣನಿಗೆ" ಎಂದೆ.

ಅಣ್ಣ ತ್ರಾಯ್ಕೊ ಮಾರ್ಚ್ ತಿಂಗಳಲ್ಲಿ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತ ಇದ್ದವನು ಹಾಗೇ ಕುಸಿದ. ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಹೆಸರು ಕರೆಯಲು ಬಾಯಿ ತೆರೆದ. ಬಂದದ್ದು ಕರು ಅರಚಿದಂಥ ಒಂದು ಸದ್ದು. ನೀರು ತರ್ತೀನಿ ಎಂದು ಹೇಳಿ ಹೊರಗೆ ಬಂದೆ. ಬಂದವಳು ತಿರುಗಿ ಹೋಗಲೇ ಇಲ್ಲ. ಹೆದರಿಕೆ. ಬೇರೆ ಏನೂ ಅಲ್ಲ, ಹೆದರಿಕೆ.

ಸಾಯುವುದಕ್ಕೆ ನಾನು ಹೆದರುವವಳಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಲೆಬಾನೆ ಬಸ್ಸು, ವ್ರಾನ್ಯೆ ಬಸ್ಸು ಎಂದು ಇಡೀ ಲೆಸ್ಕೊವಾತ್ಸ್ ಊರಿಗೆ ಕೂಗಿ ಹೇಳುವುದು ನನ್ನ ಕೆಲಸ. ನಾಲಿಗೆ ಹೋದರೆ ನನ್ನಲ್ಲಿ ಉಳಿಯುವುದೇನು?

ದಿನಾ ಅಳೆದು ಅಂಕಿ ಬರೆದಿಡಿ ಎಂದಿದ್ದಾಳೆ ಡಾಕ್ಟರು. ಬರೀ ಅಂಕಿ ಬರೆದು ಸುಮ್ಮನಿರುವುದು ನನ್ನಿಂದಾಗದ ಮಾತು.

ಅಕ್ಟೋಬರ್ 10

ಮಾತ್ರೆ ಡಬ್ಬಿಯೊಳಗೆ ಹಾಸಿಗೆ ಹೊದಿಕೆಯಷ್ಟು ಉದ್ದದ ಕಾಗದ ಮಡಿಸಿಟ್ಟಿದ್ದಾರೆ. ಓದಬಾರದಿತ್ತು, ಓದಿದೆ. ಕೆಮ್ಮು ಬರಬಹುದು, ತಲೆ ಸುತ್ತಬಹುದು, ಅಪರೂಪಕ್ಕೆ ತುಟಿ ಮತ್ತು ನಾಲಿಗೆ ಊದಿಕೊಳ್ಳಬಹುದು.

ನಾಲಿಗೆ! ನಾಲಿಗೆ ಉಳಿಸಿಕೊಳ್ಳಲು ನುಂಗುವ ಮಾತ್ರೆಯಿಂದಲೇ ನಾಲಿಗೆ ಊದುತ್ತದಂತೆ. ಯಾರ ತಲೆ ಈ ಮಾತ್ರೆ ಕಂಡುಹಿಡಿದದ್ದೋ.

ಮಾತ್ರೆಯನ್ನು ತಟ್ಟೆಯ ಮೇಲಿಟ್ಟು ಬಹಳ ಹೊತ್ತು ನೋಡುತ್ತ ಕೂತೆ. ಕೊನೆಗೆ ಪಕ್ಕದ ಮನೆಯ ಲೆಪಾಳನ್ನು ಕರೆದು, "ನನ್ನ ಮುಂದೆ ಕೂತಿರು, ನಾಲಿಗೆ ಊದಿದ್ರೆ ಆಂಬುಲೆನ್ಸ್ ಕರಿ" ಎಂದೆ.

"ಆಯ್ತು ಕಣೇ. ಅಲ್ಲೀವರೆಗೂ ಒಂದು ಕಾಫಿನಾದ್ರೂ ಮಾಡ್ಕೊಡು" ಎಂದಳು.

ನುಂಗಿದೆ. ಲೆಪಾ ಎರಡು ಕಾಫಿ ಕುಡಿದಳು. ನಾಲಿಗೆ ಊದಲಿಲ್ಲ. "ನಿನ್ನ ನಾಲಿಗೆ ಇದ್ದದ್ದೇ ಉದ್ದ, ಊದಿದ್ರೂ ಗೊತ್ತಾಗಲ್ಲ ಬಿಡು" ಎಂದು ಹೇಳಿ ಎದ್ದು ಹೋದಳು.

ಅಕ್ಟೋಬರ್ 12

ಈಗೀಗ ಬೆಳಗ್ಗೆ ಕಣ್ಣು ಬಿಟ್ಟೊಡನೆ ಜೋರಾಗಿ ಹೇಳುತ್ತೇನೆ: ನಿಶ್, ಲೆಬಾನೆ, ವ್ರಾನ್ಯೆ, ಪಿರೊತ್. ನಾಲಿಗೆ ತಿರುಗಿದರೆ ಆ ದಿನದ ಜೀವ ನನ್ನದು ಎಂದು ಲೆಕ್ಕ. ಇವತ್ತು ಪಿರೊತ್ ಎನ್ನುವಾಗ ತೊದಲಿದ ಹಾಗಾಯಿತು. ನಿದ್ದೆಗಣ್ಣಿನಿಂದಲೋ ಅಥವಾ ಅದೇ ಶುರುವಾಯಿತೋ? ಏಳೆಂಟು ಸಲ ಹೇಳಿದೆ. ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ಕುಟ್ಟಿದರು.

ಅಕ್ಟೋಬರ್ 18

ದಿನಾ ಅರ್ಧ ಗಂಟೆ ನಡೀರಿ ಎಂದಿದ್ದಳು ಡಾಕ್ಟರು. ನಮ್ಮೂರಿನಲ್ಲಿ ಕೆಲಸವಿಲ್ಲದೆ ನಡೆಯುವುದೇ ಒಂದು ಅಪರಾಧ. ಕೈಯಲ್ಲಿ ಚೀಲವಿಲ್ಲ, ಎಲ್ಲಿಗೆ ಹೊರಟೆ ಎಂದರೆ ಉತ್ತರವಿಲ್ಲ. ಸೇತುವೆ ದಾಟುವುದರೊಳಗೆ ನಾಲ್ಕು ಜನ ತಡೆದು ಕೇಳಿದರು: "ಯಾರು ಹೋಗ್ಬಿಟ್ರು ದೊಬ್ರಿಲಾ?"

ಎಲ್ಲಿಗಾದರೂ ಹೋಗುತ್ತಿದ್ದೇನೆ ಎಂದು ಹೇಳಲೇಬೇಕಲ್ಲ, "ಅಣ್ಣನ ಮನೆಗೆ" ಎಂದೆ. ಹೇಳಿದ ಮೇಲೆ ಆ ದಿಕ್ಕಿಗೇ ಹೋಗಬೇಕಾಯಿತು. ಅವನ ಮನೆ ನದಿಯ ಆಚೆ. ಗೇಟಿನವರೆಗೆ ಹೋಗಿ, ಗೇಟಿನ ಕಬ್ಬಿಣ ಮುಟ್ಟಿ, ತಿರುಗಿ ಬಂದೆ. ಸರಿಯಾಗಿ ಅರ್ಧ ಗಂಟೆ ಆಗುತ್ತದೆ. ಅನುಕೂಲವಾಯಿತು.

ಅಕ್ಟೋಬರ್ 26

ಇವತ್ತೂ ಗೇಟು ಮುಟ್ಟಿ ಬಂದೆ. ಪರದೆ ಅಲುಗಿತು. ಅತ್ತಿಗೆ ಪೆರ್ಸಾ ನೋಡಿರಬೇಕು. ನೋಡಲಿ. ಡಾಕ್ಟರು ಹೇಳಿದ್ದಾಳೆ, ನಡೆಯುತ್ತೇನೆ. ಬೀದಿ ಯಾರಪ್ಪನದೂ ಅಲ್ಲ.

ಮೇಲಿನದು ನೂರ ಐವತ್ತೆಂಟು.

ನವೆಂಬರ್ 3

ಲೆಪಾಳೂ ನಾನೂ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ಎಲೆಕೋಸು ಹುಳಿಗೆ ಹಾಕಿದೆವು. ಪ್ರತಿ ವರ್ಷದ ಹಾಗೆ ಪೀಪಾಯಿ ತುಂಬ. ಇಡೀ ಎಲೆಕೋಸಿನ ತೊಟ್ಟು ಕೊರೆದು, ಆ ಗುಳಿಯಲ್ಲಿ ಹರಳುಪ್ಪು ತುಂಬಿ, ಒಂದರ ಮೇಲೊಂದು ಜೋಡಿಸಿ, ಮೇಲೆ ಉಪ್ಪುನೀರು ಸುರಿದು, ಕಲ್ಲು ಹೇರಿದೆವು. ಅಂಗೈಯಲ್ಲಿನ ಗೀರುಗಳು ಇನ್ನೂ ಉರಿಯುತ್ತಿವೆ.

ಇನ್ನೊಂದು ಬರೆಯಬೇಕು. ಊಟದ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಇವತ್ತು ಲೆಪಾಳಿಗೇ ಕೊಟ್ಟುಬಿಟ್ಟೆ. ಸೂಪಿಗೂ ಉಪ್ಪಿಲ್ಲ, ಮೊಟ್ಟೆಗೂ ಇಲ್ಲ. ಗೋಡೆ ನೆಕ್ಕಿದ ಹಾಗಿರುತ್ತದೆ ಊಟ. ಆದರೂ ಬಿಟ್ಟೆ ಎಂದರೆ ಬಿಟ್ಟೆ. ಡಾಕ್ಟರು ನೋಡಿ ಕಲಿಯಬೇಕು ನನ್ನ ಹಟವನ್ನು.

ನವೆಂಬರ್ 7

ಮಳೆ. ಅರ್ಧ ದಾರಿಯಲ್ಲಿ ಶುರುವಾಯಿತು, ಗೇಟಿನ ಹತ್ತಿರ ಬರುವಷ್ಟರಲ್ಲಿ ಸುರಿಯತೊಡಗಿತು. ಅವರ ಜಗಲಿಯ ಕೆಳಗೆ ನಿಂತದ್ದು ಮಳೆಗಾಗಿಯೇ. ಪೆರ್ಸಾ ಅತ್ತಿಗೆ ಬಾಗಿಲು ತೆಗೆದು ತೋಳು ಹಿಡಿದು ಒಳಗೆಳೆದಳು.

"ಮೂರು ವಾರದಿಂದ ನಮ್ಮ ಗೇಟಿಗೆ ಎಣ್ಣೆ ಹಾಕೋಕೆ ಬರ್ತಿದೀಯೇನೋ ಅನ್ಕೊಂಡಿದ್ದೆ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿದ್ದಳು. ನನ್ನನ್ನು ನೋಡಿ "ಹಾ, ಹಾ" ಎಂದ. ಬಾಯಿಯ ಒಂದು ಪಕ್ಕ ಜೋತಿತ್ತು. ನಾನು ಅವನ ಬಾಯಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದೆ: ಅಂಗಿಯ ಗುಂಡಿ, ಕಿಟಕಿಯ ಹೂವಿನ ಕುಂಡ, ಬೆಕ್ಕು. ಹತ್ತು ನಿಮಿಷದಲ್ಲಿ ಎದ್ದೆ. ಮಳೆ ಇನ್ನೂ ನಿಂತಿರಲಿಲ್ಲ.

ದಾರಿಯುದ್ದಕ್ಕೂ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನೋಡಿಕೊಳ್ಳುತ್ತಲೇ ಬಂದೆ.

ನವೆಂಬರ್ 16

ಮೇಲಿನದು ನೂರ ಮೂವತ್ತೆಂಟು! ಕೆಳಗಿನದು ಎಂಬತ್ತಾರು! ಮೆಷಿನ್ನು ಕೆಟ್ಟಿದೆಯೆಂದು ಲೆಪಾಳ ಕೈಗೆ ಕಟ್ಟಿದೆ. ಅವಳದು ನನಗಿಂತ ಹೆಚ್ಚು ಬಂತು. "ನಿನ್ನ ಮೆಷಿನ್ನಿಗೆ ನನ್ನ ಮೇಲೆ ಹಳೇ ದ್ವೇಷ" ಎಂದು ಹೇಳಿ ಪಟ್ಟಿ ಕಿತ್ತೆಸೆದಳು.

ಅಣ್ಣನ ಮನೆಗೆ ಹೋದೆ. ಹೋದದ್ದು ಒಂದು ವಿಷಯ ತಿಳಿಯಲು ಅಷ್ಟೆ: ಬೀಳುವುದಕ್ಕೆ ಮುಂಚೆ ಅವನಿಗೆ ಏನೇನಾಗಿತ್ತು, ಬೆರಳು ಜುಮ್ಮೆಂದಿತ್ತೇ, ಕಿವಿ ಗುಂಯ್‌ಗುಟ್ಟಿತ್ತೇ.

"ಏನೂ ಆಗಿರ್ಲಿಲ್ಲ" ಎಂದಳು ಪೆರ್ಸಾ. "ನೂರೆಂಬತ್ತಿದೆ ಅಂತ ಎರಡು ವರ್ಷದಿಂದ ಗೊತ್ತಿತ್ತು. ಮಾತ್ರೆ ಡಬ್ಬಿ ಬಸ್ಸಲ್ಲೇ ಇಟ್ಕೊಂಡಿದ್ರು. ಬಿದ್ದ ಮೇಲೆ ಅವರ ಜೊತೆ ಕೆಲಸ ಮಾಡೋ ವೆಲಿಮಿರ್ ತಂದುಕೊಟ್ಟ. ಒಂದೂ ತೆಗೆದಿರ್ಲಿಲ್ಲ."

ಅಣ್ಣ ಎಡಗಡೆಯ ಭುಜ ಮಾತ್ರ ಮೇಲೆತ್ತಿದ. ಏನ್ಮಾಡೋದು, ಆಗಿಹೋಯ್ತು ಎನ್ನುವ ಹಾಗೆ. ಅವನು ವ್ರಾನ್ಯೆ ಬಸ್ಸಿನ ಡ್ರೈವರಾಗಿದ್ದ. ದಿನಾ ಬೆಳಗ್ಗೆ ಅವನ ಬಸ್ಸನ್ನು ಕೂಗುತ್ತಿದ್ದವಳು ನಾನೇ.

ನನ್ನ ಮೆಷಿನ್ನಿನಿಂದ ಅವನದೂ ಅಳೆದೆ. ನೂರ ಇಪ್ಪತ್ತನಾಲ್ಕು. ನನಗಿಂತ ಕಡಿಮೆ! ಈಗ ಸರಿಯಾಗಿ ಮಾತ್ರೆ ನುಂಗುತ್ತಿದ್ದಾನೆ. ಹೊಟ್ಟೆಯುರಿಯೂ ಆಯಿತು, ಅಳುವೂ ಬಂತು.

ನವೆಂಬರ್ 28

ಕ್ರಿಸ್‌ಮಸ್ಸಿನ ಉಪವಾಸ ಇವತ್ತು ಶುರು. ಮಾಂಸವಿಲ್ಲ, ಬೆಣ್ಣೆಯಿಲ್ಲ, ಚೀಸಿಲ್ಲ. ಜೀವನದಲ್ಲಿ ಮೊದಲ ಸಲ ಪಾದ್ರಿಯೂ ಡಾಕ್ಟರೂ ಒಂದೇ ಪಕ್ಷ. ಹುರುಳಿಕಾಯಿಬೀಜ, ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿ, ಆಲಿವ್ ಕಾಯಿ, ಎಲೆಕೋಸು. ಸಂತಳ ಊಟ.

ಪೀಪಾಯಿಯೂ ಹದಕ್ಕೆ ಬಂದಿದೆ. ಬೆಳಗಿನ ಕಾಫಿ ಬಿಟ್ಟು ಅದರ ಬದಲು ಒಂದು ದೊಡ್ಡ ಲೋಟ ಎಲೆಕೋಸಿನ ಹುಳಿನೀರು ಕುಡಿಯುವುದೆಂದು ತೀರ್ಮಾನಿಸಿದೆ. "ಪೂರ್ತಿ ವಿಟಮಿನ್ನು. ರಕ್ತ ತೊಳೆಯುತ್ತೆ" ಎಂದಳು ಲೆಪಾ. ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು.

ಡಿಸೆಂಬರ್ 4

ನೂರ ಐವತ್ತನಾಲ್ಕು. ಯಾಕೆ? ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ನಡೆಯುತ್ತಿದ್ದೇನೆ. ಕಾಫಿಯಿಲ್ಲ, ಉಪ್ಪಿಲ್ಲ, ಮಾಂಸವಿಲ್ಲ.

ಡಿಸೆಂಬರ್ 7

ನೂರ ಅರವತ್ತೊಂಬತ್ತು. ದೇವರೇ. ಮಾತ್ರೆ ನನ್ನ ಮೈಗೆ ಹಿಡಿಯುವುದನ್ನು ನಿಲ್ಲಿಸಿತೇ? ಇದು ನಮ್ಮ ರಕ್ತದಲ್ಲೇ ಬರೆದಿದೆ, ಅಣ್ಣನಿಗಾದದ್ದು ನನಗೂ ಆಗಿಯೇ ತೀರುತ್ತದೆ. ಉಪವಾಸವನ್ನು ಇನ್ನೂ ಬಿಗಿ ಮಾಡಿದೆ. ಸಂಜೆಗೆ ಬರೀ ಎಲೆಕೋಸು. ಹುಳಿನೀರು ಎರಡು ಲೋಟ.

ಡಿಸೆಂಬರ್ 9

ಪೆರ್ಸಾ ಅತ್ತಿಗೆ ಇವತ್ತು ಕೇಳಿಯೇಬಿಟ್ಟಳು. ಹತ್ತೊಂಬತ್ತಕ್ಕೆ ನಿಕೊಲಾ ಸಂತನ ದಿನ, ನಮ್ಮ ಮನೆತನವನ್ನು ಕಾಯುವ ಸಂತನ ಹಬ್ಬ, ಸ್ಲಾವಾ. ಆ ದಿನ ಯಾರನ್ನೂ ಕರೆಯುವುದಿಲ್ಲ, ಆದರೂ ಎಲ್ಲರೂ ಬರುತ್ತಾರೆ. ಸಂತನೇ ಮನೆಗೆ ಬಂದಿರುವಾಗ ಯಜಮಾನ ಕೂರುವ ಹಾಗಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತೇ ಬಡಿಸಬೇಕು, ನಿಂತೇ ಬರಮಾಡಿಕೊಳ್ಳಬೇಕು.

"ಅವರಿಗೆ ನಿಲ್ಲೋಕಾಗಲ್ಲ. ಮಾತಾಡಿ ಬರಮಾಡ್ಕೊಳ್ಳೋಕೂ ಆಗಲ್ಲ" ಎಂದಳು. "ನಾನು ಬೇರೆ ಮನೆಯಿಂದ ಬಂದೋಳು. ಈ ಮನೆ ರಕ್ತ ಅಂತ ಇರೋಳು ನೀನೊಬ್ಬಳೇ. ಅವರ ಬದಲಿಗೆ ನೀನು ನಿಂತ್ಕೋ."

"ನನ್ನ ಬಿಪಿ ಗೊತ್ತಾ ನಿಂಗೆ? ದಿನವಿಡೀ ನಿಂತರೆ ಸಂಜೆ ಹೊತ್ತಿಗೆ ನಾನೂ ಬಿದ್ದಿರ್ತೀನಿ. ಆಮೇಲೆ ಎರಡು ಕುರ್ಚಿ ಹಾಕು ಕಿಟಕಿ ಪಕ್ಕ."

ಅಣ್ಣನ ಮುಂದೆಯೇ ಹೇಳಿದೆ. ನಾಲಿಗೆ ಕಚ್ಚಿಕೊಂಡೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

"ಬೇಡ ಬಿಡು" ಎಂದಳು ಪೆರ್ಸಾ. "ಈ ವರ್ಷ ಬಾಗಿಲು ಹಾಕ್ಕೊಂಡಿರ್ತೀವಿ."

ಮಾಡಲಿ. ನಾನೇನು ಮಾಡಲಿ? ನನಗೂ ಜೀವವಿದೆ.

ಡಿಸೆಂಬರ್ 11

ಇವತ್ತು ಬರೆಯಲೇಬೇಕು. ಬರೆಯಲು ಬರುತ್ತದೆ ಎಂದು ನೋಡಿಕೊಳ್ಳುವುದಕ್ಕಾದರೂ.

ಬೆಳಗ್ಗೆಯೇ ಹಿಂದಲೆ ಬಿಗಿದಿತ್ತು. ಮೈಕು ಒತ್ತಿ "ಮೂರನೇ ಅಂಕಣದಿಂದ ಹೊರಡುವ ಬಸ್ಸು..." ಎಂದೆ. ಮುಂದಿನ ಮಾತು ಬರಲಿಲ್ಲ. ವ್ರಾನ್ಯೆ ಎನ್ನಬೇಕು. ಎದುರಿಗೇ ಬಸ್ಸಿನ ಹಣೆಯ ಮೇಲೆ ಬರೆದಿದೆ. "ವ್ರ" ಎಂದೆ. "ವ್ರ... ವ್ರ..." ಇಡೀ ನಿಲ್ದಾಣದ ಧ್ವನಿವರ್ಧಕದಲ್ಲಿ ಅದೇ ಕೇಳಿಸುತ್ತಿತ್ತು. ಯಾರೋ ನಕ್ಕರು. ಬಂತು, ಅದು ಬಂದೇಬಿಟ್ಟಿತು ಎಂದುಕೊಂಡೆ.

ಅಣ್ಣನ ಬಸ್ಸನ್ನು ಈಗ ಓಡಿಸುವವನು ಅವನ ಗೆಳೆಯ ವೆಲಿಮಿರ್. ಅವನೇ ಇಳಿದು ಓಡಿಬಂದು ಗೂಡಿನ ಬಾಗಿಲು ತೆಗೆದು, ನನ್ನನ್ನು ಎತ್ತಿಕೊಂಡ ಹಾಗೆಯೇ ಒಯ್ದು ಬಸ್ಸಿಗೆ ಹತ್ತಿಸಿದ. ಜನ ತುಂಬಿದ್ದ ಬಸ್ಸು ಆಸ್ಪತ್ರೆಯ ಕಡೆ ತಿರುಗಿತು. ಒಬ್ಬರೂ ತಕರಾರು ಮಾಡಲಿಲ್ಲ. ಬದಲಿಗೆ ಹೆಂಗಸರೆಲ್ಲ ಕೈಚೀಲ ತೆರೆದರು.

"ಇದನ್ನ ನಾಲಿಗೆ ಕೆಳಗಿಡಮ್ಮ, ನನ್ನ ಗಂಡನದು."

"ಅದು ಬೇಡ, ಈ ಗುಲಾಬಿ ಬಣ್ಣದ್ದು ಕೊಡಿ, ಒಂದೇ ನಿಮಿಷದಲ್ಲಿ ಇಳಿಯುತ್ತೆ."

"ಕಿಟಕಿ ಮುಚ್ರೋ, ಗಾಳಿ ಹೊಡೆದೇ ಹಿಂಗಾಗಿರೋದು!"

ವೆಲಿಮಿರ್ ಸ್ಟೇರಿಂಗಿನಿಂದಲೇ ಗುಡುಗಿದ: "ಯಾರಾದ್ರೂ ಅವಳ ಬಾಯಿಗೆ ಏನಾದ್ರೂ ಹಾಕಿದ್ರೆ ನಡುರಸ್ತೇಲಿ ಇಳಿಸ್ತೀನಿ!"

ಮೇಲಿನದು ನೂರ ತೊಂಬತ್ತೆಂಟು. ಡಾಕ್ಟರ್ ಸನ್ಯಾ ಎರಡೂ ಕೈ ಎತ್ತಿಸಿದಳು, ನಗಿಸಿದಳು, ಹೆಸರು ಹೇಳಿಸಿದಳು, ಕಣ್ಣಿಗೆ ದೀಪ ಬಿಟ್ಟಳು, ತಲೆಯ ಸ್ಕ್ಯಾನ್ ಮಾಡಿಸಿದಳು. "ಮಾತು ಹೋಗಿಲ್ಲ. ಲಕ್ವನೂ ಅಲ್ಲ. ಹೆದರಿ ಗಂಟಲು ಕಟ್ಟಿದೆ. ಆದ್ರೆ ಹೀಗೇ ಬಿಟ್ರೆ ಅದೂ ಆಗುತ್ತೆ" ಎಂದಳು. ಬಿಪಿ ಇಳಿಯುವವರೆಗೂ ಪಕ್ಕದಲ್ಲೇ ಕೂತಿದ್ದು ಆಮೇಲೆ ಕೇಳಿದಳು:

"ಏನ್ ತಿಂತಿದೀರಿ ನಿಜ ಹೇಳಿ."

"ಏನೂ ಇಲ್ಲ ಡಾಕ್ಟ್ರೇ! ಉಪವಾಸ. ಆಲಿವ್ ಕಾಯಿ, ಉಪ್ಪಿನಕಾಯಿ ಅಷ್ಟೇ. ಉಪ್ಪಿನ ಡಬ್ಬೀನೇ ಮನೇಲಿಲ್ಲ. ಕಾಫೀನೂ ಬಿಟ್ಟೆ. ಬೆಳಗ್ಗೆ ಬರೀ ಎಲೆಕೋಸಿನ ನೀರು."

"ಯಾವ ನೀರು?"

"ಪೀಪಾಯಿದು. ಒಂದು ಲೋಟ. ಈಚೆಗೆ ಎರಡು."

ಡಾಕ್ಟರು ಪೆನ್ನು ಕೆಳಗಿಟ್ಟು ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. "ಪೀಪಾಯಿಗೆ ಉಪ್ಪು ಹಾಕಿದ್ದು ಯಾರು?"

"ನಾನೇ."

"ಆ ಉಪ್ಪು ಎಲ್ಲಿಗೆ ಹೋಯ್ತು ಅನ್ಕೊಂಡ್ರಿ? ಇಡೀ ದಿನಕ್ಕೆ ತಿನ್ನಬಹುದಾದ ಉಪ್ಪನ್ನ ನೀವು ಬೆಳಗ್ಗೆ ಒಂದೇ ಲೋಟದಲ್ಲಿ ಕುಡೀತಿದೀರಿ. ಅದರ ಮೇಲೆ ಆಲಿವ್ ಕಾಯಿ, ಉಪ್ಪಿನಕಾಯಿ!" ಆಮೇಲೆ ಅವಳಿಗೇ ನಗು ಬಂತು. "ಹೋದ ವಾರ ನಮ್ಮಮ್ಮನೂ ಇದೇ ಕೆಲಸ ಮಾಡಿ ಸಿಕ್ಕಿಬಿದ್ರು. ಅವರ ಮಗಳು ಡಾಕ್ಟರು ಬೇರೆ."

ಉಪ್ಪು ಅಂದರೆ ಡಬ್ಬಿಯಲ್ಲಿರುವುದು ಮಾತ್ರ ಎಂದು ನಾನು ತಿಳಿದಿದ್ದೆನಲ್ಲ! ಪೀಪಾಯಿಯಲ್ಲಿರುವುದು ಎಲೆಕೋಸು ಅಷ್ಟೇ ಎಂದು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಹೆದರಿಕೆಗಿಂತ ನಾಚಿಕೆ ವಾಸಿ, ಮಾತಾಡಲು ಬಿಡುತ್ತದೆ. ಇನ್ನೊಂದು ಮಾತ್ರೆ ಸೇರಿಸಿ ಕೊಟ್ಟಿದ್ದಾಳೆ.

ಡಿಸೆಂಬರ್ 12

ಲೆಪಾಳ ಮೇಲೆ ಜಗಳಕ್ಕೆ ಹೋದೆ. "ರಕ್ತ ತೊಳೆಯುತ್ತೆ ಅಂದ್ಯಲ್ಲ, ಹಾಳಾದೋಳೇ! ನನ್ನೇ ತೊಳೆದು ಗುಂಡಿಗೆ ಹಾಕ್ತಿತ್ತು!"

ಅವಳು ತೋಳು ಚಾಚಿದಳು. ಅಳೆದೆ. ಅಂಕಿ ನೋಡಿ ಇಬ್ಬರೂ ಕೂತುಬಿಟ್ಟೆವು. ನಾಳೆ ಅವಳನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮಾತ್ರೆಗೆ ಹೆದರುತ್ತಾಳಂತೆ, ಪೆದ್ದಿ.

ಡಿಸೆಂಬರ್ 15

ನೂರ ನಲವತ್ತಾರು. ಇಳಿಯುತ್ತಿದೆ.

ಅಣ್ಣನ ಮನೆಯಲ್ಲಿ ಮಧ್ಯಾಹ್ನದ ತನಕ ಇದ್ದೆ. ವ್ರ, ವ್ರ ಎಂದು ನಿಲ್ದಾಣಕ್ಕೆಲ್ಲ ಕೇಳಿಸಿದ್ದನ್ನು ನಟಿಸಿ ತೋರಿಸಿದೆ. ಅವನು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಎಡಗೈಯಲ್ಲಿ ಮೇಜಿನ ಖಾನೆ ಎಳೆದು, ಸ್ಲಾವಾ ದಿನ ಯಜಮಾನ ಹಚ್ಚುವ ಮೇಣದ ಬತ್ತಿ ತೆಗೆದು ನನ್ನ ಮಡಿಲಲ್ಲಿಟ್ಟ. ಪೆರ್ಸಾ ಒಲೆಯ ಕಡೆ ತಿರುಗಿ ನಿಂತಳು.

ಹೂಂ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಎದೆ ಹೊಡೆದುಕೊಳ್ಳಲು ಶುರುವಾಗಿದೆ. ದಿನವಿಡೀ ನಿಲ್ಲುವುದು ಎಂದರೇನು ಹುಡುಗಾಟವೇ?

ಡಿಸೆಂಬರ್ 18

ನಾಳೆಯ ಹಬ್ಬಕ್ಕೆ ಅತ್ತಿಗೆಯೂ ನಾನೂ ಮೀನು ತೊಳೆದು, ಹುರುಳಿಕಾಯಿಬೀಜ ಬೇಯಿಸಿ, ಬೆಂದ ಗೋಧಿಗೆ ಸಕ್ಕರೆ ಆಕ್ರೋಟು ಬೆರೆಸಿಟ್ಟೆವು. ಮೀನಿಗೆ ಉಪ್ಪು ಹಾಕುವಾಗ ಪೆರ್ಸಾಳ ಕೈ ಹಿಡಿದೆ.

"ಇಷ್ಟು ಸಪ್ಪೆ ಮಾಡಿದ್ರೆ ಬಂದೋರು ಈ ಮನೆಗೆ ಬಡತನ ಬಂತು ಅಂತಾರೆ" ಎಂದಳು.

"ಅನ್ನಲಿ. ಅಣ್ಣ ತಿನ್ನಬೇಕಾದ್ದು ಅದನ್ನೇ."

ಡಿಸೆಂಬರ್ 20, ಬೆಳಗ್ಗೆ

ನಿನ್ನೆ ಬರೆಯಲು ಬಿಡುವಾಗಲಿಲ್ಲ.

ಹೊರಡುವ ಮುಂಚೆ ಅಳೆದೆ: ನೂರ ಐವತ್ತು. ಹೋಗಬೇಡ ಎಂದು ಎದೆ ಹೇಳಿತು. ಮಾತ್ರೆ ನುಂಗಿ ಹೋದೆ. ಪಾದ್ರಿ ಬಂದು ಮಂತ್ರ ಹೇಳಿ ಹಬ್ಬದ ರೊಟ್ಟಿಯ ಮೇಲೆ ಶಿಲುಬೆಯಾಕಾರಕ್ಕೆ ಕೊಯ್ದು ದ್ರಾಕ್ಷಾರಸ ಬಿಟ್ಟರು. ರೊಟ್ಟಿಯನ್ನು ಯಜಮಾನ ಪಾದ್ರಿಯ ಜೊತೆ ಹಿಡಿದು ತಿರುಗಿಸಬೇಕು. ಅಣ್ಣನ ಎಡಗೈ ಒಂದು ಪಕ್ಕ, ಅವನ ಸತ್ತ ಬಲಗೈಯನ್ನು ನನ್ನ ಅಂಗೈ ಮೇಲೆ ಹೊತ್ತು ನಾನು ಇನ್ನೊಂದು ಪಕ್ಕ. ಹಾಗೆ ತಿರುಗಿಸಿದೆವು.

ಆಮೇಲೆ ಜನ ಬಂದರು ನೋಡು! ಡ್ರೈವರುಗಳು, ಟಿಕೆಟ್ ಕೊಡುವವರು, ಬೀದಿಯವರು. ಬಾಗಿಲಲ್ಲಿ ಒಬ್ಬೊಬ್ಬರಿಗೂ "ಬನ್ನಿ, ನಿಮ್ಮದೇ ಮನೆ" ಎಂದು ಅಣ್ಣನ ಬದಲು ನಾನು ಹೇಳಿದೆ. ಸಿಹಿ ಗೋಧಿ ಕೊಟ್ಟೆ, ರಾಕಿಯಾ ಸಾರಾಯಿ ಸುರಿದೆ, ಮೀನು ಬಡಿಸಿದೆ. ಕೂರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಕಾಲು ಮರಗಟ್ಟಿತು. ಕಿವಿ ಗುಂಯ್ ಎನ್ನತೊಡಗಿತು. ಮುಖ ಕೆಂಪಾದದ್ದು ನನಗೇ ಗೊತ್ತಾಗುತ್ತಿತ್ತು. ಈಗ ಬೀಳುತ್ತೇನೆ, ಇದೇ ಹಬ್ಬದ ಮೇಜಿನ ಮುಂದೆ ಬೀಳುತ್ತೇನೆ ಎಂದುಕೊಂಡೆ. ಆದರೂ ಬಾಟಲಿ ಹಿಡಿದು ವೆಲಿಮಿರ್‌ನ ಲೋಟದ ಕಡೆ ಬಾಗಿದೆ. ಬಾಟಲಿ ಲೋಟಕ್ಕೆ ತಾಗಿ ಟಕಟಕ ಎನ್ನುತ್ತಿತ್ತು.

"ಕೂತ್ಕೊ, ಕತ್ತೆ."

ಯಾರೆಂದು ಮೊದಲು ತಿಳಿಯಲಿಲ್ಲ. ಮಾತು ಕಿಟಕಿಯ ಕಡೆಯಿಂದ ಬಂತು. ಒರಟಾಗಿತ್ತು, ಅರ್ಧ ನುಂಗಿದ ಹಾಗಿತ್ತು, ಆದರೂ ಮಾತೇ ಅದು. ಚಿಕ್ಕಂದಿನಿಂದಲೂ ಅವನು ನನ್ನನ್ನು ಕರೆಯುವುದೇ ಹಾಗೆ. ಪೆರ್ಸಾಳ ಕೈಯಿಂದ ಸೌಟು ಬಿತ್ತು.

"ಸ್ಲಾವಾ ದಿನ ಕೂರೋ ಹಾಗಿಲ್ವಲ್ಲಣ್ಣ" ಎಂದೆ ನಾನು.

ಅವನು ಎಡಗೈಯಿಂದ ಪಕ್ಕದ ಕುರ್ಚಿಗೆ ಬಡಿದ. ಮುಖ ಬಿಗಿದು, ಬಾಯಿ ಸೊಟ್ಟ ಮಾಡಿ, ಒಳಗಿನಿಂದ ಎಳೆದು ತೆಗೆದು ಮತ್ತೆ ಹೇಳಿದ: "ಕೂತ್ಕೊ!"

ಕೂತೆ. ವೆಲಿಮಿರ್ ಎದ್ದು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಸುಮ್ಮನೆ ಸುರಿಯುತ್ತ ಹೋದ. ಪಾದ್ರಿ ಏನೂ ಕಾಣದವರ ಹಾಗೆ ಮೀನಿನ ಮುಳ್ಳು ಬಿಡಿಸುತ್ತ ಕೂತರು. ಅಣ್ಣನ ಬಾಯಿಯ ಜೋತ ಪಕ್ಕದಲ್ಲಿ ಗೋಧಿಯ ಕಾಳೊಂದು ಅಂಟಿತ್ತು, ಅದನ್ನು ಹೆಬ್ಬೆರಳಿನಿಂದ ಒರೆಸಿದೆ. ಅಳುತ್ತಿದ್ದೆ ಎಂದು ಪೆರ್ಸಾ ಹೇಳುತ್ತಾಳೆ. ನನಗೆ ಗೊತ್ತಾಗಲಿಲ್ಲ.

ಈಗಷ್ಟೇ ಅವಳ ಫೋನು ಬಂತು. "ಬೇಗ ಬಾರೇ. ಎದ್ದಾಗಿಂದ ಎಲ್ಲರಿಗೂ ಕತ್ತೆ ಕತ್ತೆ ಅಂತಿದಾರೆ. ನಂಗೂ, ಬೆಕ್ಕಿಗೂ."

ನಗು ಬಂದರೂ ಹೆದರಿಕೆ ಬಿಟ್ಟಿಲ್ಲ. ನಾನು ಹೋಗಿ ಸೇರುವಷ್ಟರಲ್ಲಿ ಆ ಎರಡು ಮಾತೂ ಅವನಿಗೆ ಮರೆತುಹೋದರೆ? ಇಷ್ಟು ಸಾಕು, ಹೊರಟೆ.